ಅವನ ಕೆಲಸಕ್ಕೆ ಹತ್ತಿರದ ಮನೆ

ಬೀದಿಯವರಿಗೆಲ್ಲ ಅವಳು ಹಲ್ಲಕ್ಕ. ಹಲ್ಲು ಉಬ್ಬಿದೆಯೆಂದಲ್ಲ, ಅವಳ ಹಲ್ಲು ನೆಟ್ಟಗೇ ಇದೆ. ಅವಳು ಹಲ್ಲು ಮಾಡುತ್ತಾಳೆ. ವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಲ್ಯಾಬಿಗೆ ಕಳಿಸುತ್ತಾರೆ, ಅದಕ್ಕೆ ಪ್ಲಾಸ್ಟರ್ ಸುರಿದು ದವಡೆ ಎಬ್ಬಿಸುತ್ತಾರೆ, ಆ ದವಡೆಯ ಮೇಲೆ ಅವಳು ಮೇಣ ಹಚ್ಚಿ, ಕೆರೆದು, ಉಜ್ಜಿ, ಒಂದೊಂದೇ ಹಲ್ಲು ಕೂರಿಸುತ್ತಾಳೆ. ಊರಿನಲ್ಲಿ ಎಷ್ಟೋ ಜನ ಅವಳು ಮಾಡಿದ ಹಲ್ಲಿನಲ್ಲಿ ನಗುತ್ತಾರೆ, ಅಗಿಯುತ್ತಾರೆ, ಒಬ್ಬರನ್ನೊಬ್ಬರು ಬೈಯುತ್ತಾರೆ. ಅವರ್ಯಾರ ಮುಖವನ್ನೂ ಅವಳು ಕಂಡಿಲ್ಲ, ಒಬ್ಬರನ್ನು ಬಿಟ್ಟು. ಆ ಒಬ್ಬರು ಅವಳ ಅತ್ತೆ. ಅತ್ತೆಯ ಮೇಲಿನ ಸೆಟ್ಟು, ಕೆಳಗಿನ ಸೆಟ್ಟು ಎರಡೂ ಸೊಸೆಯ ಕೈಕೆಲಸ. ತಾನೇ ಹೊಳಪು ಕೊಟ್ಟ ಆ ಹಲ್ಲುಗಳ ನಡುವಿನಿಂದ ದಿನಾ ಸಂಜೆ "ಯಾಕಮ್ಮ ಇಷ್ಟು ತಡ?" ಎಂಬ ಮಾತು ಹೊರಡುವಾಗ, ಸೆಟ್ಟನ್ನು ಇನ್ನೊಂಚೂರು ಬಿಗಿಯಾಗಿಯೇ ಮಾಡಬೇಕಿತ್ತು ಎಂದು ಅವಳಿಗೆ ಅನ್ನಿಸುವುದುಂಟು.

ತಡವಾಗದೆ ಇನ್ನೇನಾದೀತು? ಲ್ಯಾಬು ಊರಿನ ಉತ್ತರದ ಕೊನೆಯಲ್ಲಿ, ಮನೆ ದಕ್ಷಿಣದ ಕೊನೆಯಲ್ಲಿ. ನಡುವೆ ಎರಡು ಬಸ್ಸು. ಎರಡು ಬಸ್ಸುಗಳ ನಡುವೆ ಒಂದು ದೊಡ್ಡ ಸರ್ಕಲ್ಲು. ಅಲ್ಲಿ ಎಲ್ಲರೂ ಹಾರನ್ ಹೊಡೆಯುತ್ತಾರೆ, ಯಾರೂ ಮುಂದಕ್ಕೆ ಹೋಗುವುದಿಲ್ಲ. ಹನ್ನೊಂದು ವರ್ಷದಿಂದ ಅವಳು ಹೀಗೆ ಹೋಗಿ ಹೀಗೆ ಬರುತ್ತಿದ್ದಳು. ಯಾವ ಪ್ರಯಾಣಿಕ ಮುಂದಿನ ಸ್ಟಾಪಿನಲ್ಲಿ ಏಳುತ್ತಾನೆ ಎಂಬುದನ್ನು ಅವನು ಚೀಲದ ಪಟ್ಟಿ ಎಳೆದುಕೊಳ್ಳುವ ರೀತಿಯಲ್ಲೇ ಹೇಳಬಲ್ಲಳು. ಹೇಳಿ ಏನು ಬಂತು? ಅವಳಿಗಿಂತ ಮುಂಚೆ ಇನ್ನೊಬ್ಬರ ಸೊಂಟ ಆ ಸೀಟಿನಲ್ಲಿ ಇರುತ್ತಿತ್ತು. ಮೇಲಿನ ಕಂಬಿಗೆ ಮೊಣಕೈ ಸಿಕ್ಕಿಸಿ, ತಲೆಯನ್ನು ಆ ತೋಳಿಗೇ ಒರಗಿಸಿ, ನಿಂತೇ ನಿದ್ದೆ ಮಾಡುವುದನ್ನು ಕಲಿತಿದ್ದಳು. ಆ ವಿದ್ಯೆಯಲ್ಲಿ ಅವಳಿಗೂ ಕುದುರೆಗೂ ಏನೂ ವ್ಯತ್ಯಾಸವಿರಲಿಲ್ಲ.

ಗಂಡ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಆಪರೇಟರು. ಪಂಪ್‌ಹೌಸು ಮನೆಯಿಂದ ಕೂಗಳತೆ ದೂರ. ಅವನು ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಕೆಟ್ಟವನಾಗಿದ್ದರೆ ಎಲ್ಲರಿಗೂ ಎಷ್ಟೋ ಸುಲಭವಾಗುತ್ತಿತ್ತು. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ಮಾತಿನಲ್ಲಿ ಖಾರವಿಲ್ಲ. ಬೀದಿಯಲ್ಲಿ ಯಾರ ಮನೆಯ ನಲ್ಲಿ ಸೋರಿದರೂ ಪುಕ್ಕಟೆ ರಿಪೇರಿ. ಕೆಲಸ ಮುಗಿಸಿ ನಡೆದು ಬಂದು, ಮುಖ ತೊಳೆದು, ಒಂದು ಕೋಳಿನಿದ್ದೆ ತೆಗೆದು, ಟೀ ಕುಡಿದು, ಕಾಂಪೌಂಡ್ ಗೋಡೆಯ ಮೇಲೆ ಕೂತು ನೆರೆಯವರೊಂದಿಗೆ ಜಗತ್ತಿನ ಕಷ್ಟಸುಖವನ್ನೆಲ್ಲ ಮಾತಾಡಿ ಮುಗಿಸುವ ಹೊತ್ತಿಗೆ ಅವಳು ಬೀದಿಯ ತುದಿಯಲ್ಲಿ ಕಾಣಿಸುತ್ತಿದ್ದಳು. "ಬಂದ್ಯಾ?" ಎಂದು ಅವನು ಬಾಯಿ ತುಂಬ ನಗುತ್ತಿದ್ದ. ಪಕ್ಕದ ಮನೆಯವಳು ಅದನ್ನು ನೋಡಿ, "ಹಲ್ಲಕ್ಕಾ, ನಿಮ್ಮೆಜಮಾನ್ರು ಚಿನ್ನ ಕಣ್ರೀ" ಎನ್ನುತ್ತಿದ್ದಳು. ಚಿನ್ನವೇ, ಅನುಮಾನವಿಲ್ಲ. ಚಿನ್ನವನ್ನು ಯಾರಾದರೂ ದಿನಾ ಬಸ್ಸಿನಲ್ಲಿ ಹೊತ್ತು ತಿರುಗುತ್ತಾರೆಯೇ? ಮನೆಯಲ್ಲೇ ಇಡುತ್ತಾರೆ.

ಮದುವೆಯಾದ ಹೊಸದರಲ್ಲಿ ಪಂಪ್‌ಹೌಸಿನ ಪಕ್ಕ ಮನೆ ಮಾಡಿದ್ದಕ್ಕೆ ಕಾರಣ ಅವನ ಪಾಳಿ. ಹೊತ್ತಲ್ಲದ ಹೊತ್ತಿನಲ್ಲಿ ಮೋಟಾರು ಕೈಕೊಟ್ಟರೆ ಓಡಬೇಕು, ಊರಿನ ನೀರಿನ ಪ್ರಶ್ನೆ. ಸರಿ ಎಂದಳು. ಆಮೇಲೆ ಅತ್ತೆ ಬಂದರು, ಅತ್ತೆಯ ಜೊತೆ ಮಂಡಿನೋವೂ ಬಂತು, ಮಂಡಿ ನೋಡುವ ಡಾಕ್ಟರು ಎರಡು ಬೀದಿಯಾಚೆ ಇದ್ದರು. ಸರಿ ಎಂದಳು. ಮಗಳು ಹುಟ್ಟಿದಳು, ಬೆಳೆದಳು, ರಸ್ತೆ ದಾಟದೆ ಹೋಗಬಹುದಾದ ಸ್ಕೂಲು ಆ ಬಡಾವಣೆಯಲ್ಲೇ ಇತ್ತು. ಅದಕ್ಕೂ ಸರಿ ಎಂದಳು. ಆಮೇಲೆ ಮನೆ ಮಾಲೀಕ ಒಳ್ಳೆಯ ಮನುಷ್ಯ, ಅಂಥವನು ಸಿಗುವುದು ಕಷ್ಟ ಎಂಬ ಕಾರಣ ಬಂತು. ಇವುಗಳಲ್ಲಿ ಒಂದನ್ನೂ ಸುಳ್ಳೆನ್ನುವಂತಿರಲಿಲ್ಲ. ಕಾರಣ ಪ್ರತಿ ಸಲವೂ ಬೇರೆಯಾಗಿತ್ತು, ಪ್ರತಿ ಸಲವೂ ಸರಿಯಾಗಿತ್ತು; ಮನೆ ಮಾತ್ರ ಪ್ರತಿ ಸಲವೂ ಅವನ ಕೆಲಸದ ಪಕ್ಕದಲ್ಲೇ ಇತ್ತು.

ಒಮ್ಮೆ ಅವಳು ಪಟ್ಟು ಹಿಡಿದಿದ್ದಳು. ಹಾಗಾದರೆ ಇಬ್ಬರಿಗೂ ನಡುವೆ ಬರುವ ಹಾಗೆ ಒಂದು ಮನೆ ನೋಡೋಣ ಎಂದು ಅವನೇ ದೊಡ್ಡ ಮನಸ್ಸು ಮಾಡಿದ. ಮಗಳ ಭೂಪಟದ ಮೇಲೆ ದಾರ ಹಿಡಿದು, ಮಡಚಿ, ಮಧ್ಯಕ್ಕೆ ಪೆನ್ಸಿಲ್ಲಿನಲ್ಲಿ ಚುಕ್ಕೆ ಇಟ್ಟ. ಚುಕ್ಕೆ ಬಿದ್ದದ್ದು ರೈಲಿನ ಗೂಡ್ಸ್ ಯಾರ್ಡಿನ ಮೇಲೆ.

"ನೋಡೇ, ನಿನ್ನ ನಡುಮನೆ! ಗೂಡ್ಸ್ ಬೋಗೀಲಿ ಸಂಸಾರ ಮಾಡ್ತೀಯಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಅತ್ತೆ ನಕ್ಕರು. ಮಗಳು ನಕ್ಕಳು. ಅವಳೂ ನಕ್ಕಳು, ಅದೇ ತಪ್ಪಾಯಿತು. ನಕ್ಕಮೇಲೆ ಆ ಮಾತು ಅಲ್ಲಿಗೆ ಮುಗಿಯಿತು. ಯಾರ್ಡಿನ ಆಚೀಚೆ ಇರುವ ಬೀದಿಗಳಲ್ಲಿ ಮನೆಗಳಿವೆ, ಆ ಮನೆಗಳಲ್ಲಿ ಮನುಷ್ಯರಿದ್ದಾರೆ ಎಂದು ಮತ್ತೆ ಬಾಯಿ ಬಿಟ್ಟರೆ ತಮಾಷೆ ಅರ್ಥವಾಗದವಳು ಎನ್ನಿಸಿಕೊಳ್ಳಬೇಕಾಗಿತ್ತು.

ಹೀಗೆ ನಡೆಯುತ್ತಿರುವಾಗ ಲ್ಯಾಬಿನಲ್ಲಿ ಒಂದು ಮಾತು ಎದ್ದಿತು. ಲ್ಯಾಬಿನ ಒಡತಿ ಕಡ್ಡಿ ಮುರಿದ ಹಾಗೆ ಮಾತಾಡುವ ಹೆಂಗಸು. ಅಲ್ಲಿ ಪಿಂಗಾಣಿ ಹಲ್ಲು ಸುಡುವ ಒಂದು ಕೋಣೆ ಇದೆ. ಒಳಗೆ ಪುಟ್ಟ ಫರ್ನೇಸು, ಅಂದರೆ ಒಂದು ಮುಷ್ಟಿಗಾತ್ರದ ಕುಲುಮೆ. ಹಲ್ಲಿಗೆ ತೊಡಿಸುವ ಲೋಹದ ಟೊಪ್ಪಿಗೆಯ ಮೇಲೆ ಬಿಳಿ ಪುಡಿಯನ್ನು ಕುಂಚದಲ್ಲಿ ಪದರ ಪದರವಾಗಿ ಕೂರಿಸಿ, ಸುಟ್ಟು, ಮತ್ತೆ ಕೂರಿಸಿ, ಮತ್ತೆ ಸುಟ್ಟು, ಪಕ್ಕದ ಹಲ್ಲಿನ ಬಣ್ಣವನ್ನೇ ಹೋಲುವ ಹಾಗೆ ಮಾಡುವುದು ಅಲ್ಲಿಯ ಕೆಲಸ. ಮುದುಕರ ಸೆಟ್ಟು ಮಾಡುವುದಕ್ಕಿಂತ ಅದು ಹತ್ತು ಪಾಲು ನಾಜೂಕು. ಹಲ್ಲಕ್ಕನ ಕೈ ಅದಕ್ಕೆಂದೇ ಹುಟ್ಟಿದ ಹಾಗಿತ್ತು. ಆ ಕೋಣೆಯ ಮುಖ್ಯಸ್ಥ ಬಿಟ್ಟುಹೋಗುತ್ತಿದ್ದ. ಅವನ ಜಾಗ ನಿನಗೆ ಎಂದು ಒಡತಿ ಎರಡು ಸಲ ಕರೆದಿದ್ದಳು, ಎರಡು ಸಲವೂ ಇವಳು ಆಗುವುದಿಲ್ಲ ಎಂದಿದ್ದಳು. ಯಾಕೆಂದರೆ ಕ್ಲಿನಿಕ್ಕುಗಳು ಬಾಗಿಲು ತೆರೆಯುವುದರೊಳಗೆ ಅವಸರದ ಹಲ್ಲುಗಳು ಸಿದ್ಧವಾಗಬೇಕು, ಹಾಗಾಗಬೇಕಾದರೆ ಫರ್ನೇಸು ಹಚ್ಚುವವರು ಬೆಳಕು ಹರಿಯುವಾಗಲೇ ಅಲ್ಲಿರಬೇಕು. ಎರಡು ಬಸ್ಸು ಹತ್ತಿ ಬರುವವಳು ಹೇಗೆ ಇದ್ದಾಳು?

ಮೂರನೆಯ ಸಲ ಒಡತಿ ಕರೆದು ಕೇಳಲಿಲ್ಲ, ತಿಳಿಸಿದಳು. "ಈ ತಿಂಗಳು ಮುಗಿಯೋದ್ರೊಳಗೆ ಹೇಳಮ್ಮ. ಇಲ್ಲಾಂದ್ರೆ ಹೊರಗಿನವರನ್ನ ತಗೊತೀನಿ. ಅವರು ಬಂದಮೇಲೆ ನೀನು ಸಾಯೋತನಕ ಮುದುಕರ ಸೆಟ್ಟೇ ಮಾಡ್ತಿರ್ತೀಯ, ಅದೂ ನಿನ್ನ ಅರ್ಧ ಕೆಲಸಾನೂ ಬರದೋರ ಕೈಕೆಳಗೆ."

ಅದೇ ವಾರ ಅವಳ ಗಂಡನ ಪಂಪ್‌ಹೌಸಿಗೆ ತಾನಾಗಿಯೇ ನಡೆಯುವ ಮಿಷನ್ನು ಬಂತು. ಮನುಷ್ಯರು ಬೇಡವಾದರು. ಅವನನ್ನು ವರ್ಗ ಮಾಡಿ ಕೆರೆದಂಡೆಯ ದೊಡ್ಡ ಸ್ಟೇಷನ್ನಿಗೆ ಹಾಕಿದರು. ಕೆರೆ ಇರುವುದು ಊರಿನ ಉತ್ತರಕ್ಕೆ, ಅವಳ ಲ್ಯಾಬನ್ನೂ ದಾಟಿ ಆಚೆಗೆ.

ಮೊದಲ ದಿನ ಕೆಲಸ ಮುಗಿಸಿ ಬಂದವನು ಹೊಸ್ತಿಲ ಮೇಲೆಯೇ ಕುಸಿದ. ಷೂ ಬಿಚ್ಚುವುದಕ್ಕೂ ತ್ರಾಣವಿರಲಿಲ್ಲ.

"ಅಮ್ಮಾ, ಇದು ಮನುಷ್ಯರು ಮಾಡೋ ಪ್ರಯಾಣ ಅಲ್ಲಮ್ಮಾ. ಆ ಸರ್ಕಲ್ಲು ಇದೆಯಲ್ಲ, ನರಕ. ಒಂದು ಕಾಲಲ್ಲಿ ನಿಂತು ಬಂದಿದೀನಿ, ಇನ್ನೊಂದು ಕಾಲಿಡೋಕೆ ಜಾಗಾನೇ ಇರ್ಲಿಲ್ಲ!"

ಅತ್ತೆ ಮಂಡಿನೋವನ್ನು ಮರೆತು ಎದ್ದರು. ಬಿಸಿನೀರು ಕಾಯಿತು, ಬಕೆಟ್ಟು ಬಂತು, ಮಗನ ಪಾದ ಅದರಲ್ಲಿ ಇಳಿಯಿತು. ಮಗಳು ಬೀಸಣಿಗೆ ಹಿಡಿದಳು. "ಅಯ್ಯೋ ಕಂದಾ, ಮುಖ ಎಷ್ಟು ಬಾಡಿಹೋಗಿದೆ ನೋಡು" ಎಂದು ಅತ್ತೆ ಕಣ್ಣಲ್ಲಿ ನೀರು ತಂದುಕೊಂಡರು. ಅವನ ಹಿಂದಿನ ಬಸ್ಸಿನಲ್ಲೇ ಅವಳೂ ಬಂದಿದ್ದಳು. ಚೀಲ ಹೆಗಲಿನಲ್ಲೇ ಇತ್ತು. ಬಾಗಿಲಿಗೆ ಅಡ್ಡವಾಗಿ ಬಕೆಟ್ಟು ಇದ್ದದ್ದರಿಂದ ಒಳಗೆ ಹೋಗಲಾರದೆ ಮೆಟ್ಟಿಲ ಮೇಲೆ ನಿಂತು ಇದನ್ನೆಲ್ಲ ನೋಡಿದಳು. ಒಬ್ಬರಾದರೂ ತಲೆಯೆತ್ತಿ ಇವಳ ಕಾಲಿನ ಕಡೆ ನೋಡಿಯಾರು ಎಂದು ಒಂದು ಗಳಿಗೆ ಕಾದಳು. ಅತ್ತೆ ತಲೆಯೆತ್ತಿದರು.

"ಬಂದ್ಯಾ? ಬೇಗ ಅಡುಗೆ ಮಾಡಮ್ಮ, ಅವನು ಹಸಿದಿದಾನೆ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಬಕೆಟ್ಟನ್ನು ಒದೆಯಬೇಕೆನ್ನಿಸಿತು. ಒದೆಯಲಿಲ್ಲ, ದಾಟಿಕೊಂಡು ಒಳಗೆ ಹೋಗಿ ಅಕ್ಕಿ ತೊಳೆದಳು. ತೊಳೆದದ್ದನ್ನೇ ತೊಳೆದಳು. ಅಕ್ಕಿಯ ಕಣ್ಣಲ್ಲೂ ನೀರು ಬಂದಿರಬೇಕು.

ಆಮೇಲೆ ಆ ಮನೆಯಲ್ಲಿ ನಡೆದದ್ದನ್ನು ನೋಡಿದ್ದರೆ ಕಲ್ಲಿಗೂ ಕೋಪ ಬರುತ್ತಿತ್ತು. ಹನ್ನೊಂದು ವರ್ಷ ಬಂಡೆಯಂತೆ ಕೂತಿದ್ದ ಕಾರಣಗಳು ವಾರದೊಳಗೆ ಒಂದೊಂದಾಗಿ ಎದ್ದು ನಡೆದವು. "ಡಾಕ್ಟ್ರುಗಳು ಎಲ್ಲಾ ಕಡೇನೂ ಇರ್ತಾರಪ್ಪ, ಈಯಪ್ಪ ಕೊಟ್ಟ ಮಾತ್ರೇಲಿ ನಂಗೇನು ಗುಣ ಆಯ್ತು?" ಎಂದರು ಅತ್ತೆ. ಆ ಕಡೆಯ ಸ್ಕೂಲಿನಲ್ಲಿ ಆಟದ ಮೈದಾನ ಇದೆಯಂತೆ ಎಂದು ಗಂಡ ತಿಳಿದುಕೊಂಡು ಬಂದ. ಮಗಳಿಗೆ ಹೊಸ ಸ್ಕೂಲೆಂದರೆ ಹೊಸ ಬ್ಯಾಗು, ಅವಳು ಕುಣಿದಾಡಿದಳು. ದೇವರಂಥ ಮನೆ ಮಾಲೀಕನ ಗೋಡೆಗಳಲ್ಲಿ ಇದ್ದಕ್ಕಿದ್ದಂತೆ ಎಲ್ಲರಿಗೂ ತೇವ ಕಾಣಿಸತೊಡಗಿತು. "ಈ ತೇವದಲ್ಲಿ ಇಷ್ಟು ವರ್ಷ ಹೆಂಗಿದ್ವೋ" ಎಂದು ಗಂಡ ಗೋಡೆ ತಟ್ಟಿ ಆಶ್ಚರ್ಯಪಟ್ಟ. ಕೊನೆಗೆ ಅವಳ ಕಡೆ ತಿರುಗಿ, ಉಡುಗೊರೆ ಕೊಡುವವನ ಹಾಗೆ ಹೇಳಿದ: "ನೀನು ಆ ಕಡೆ ಹೋಗೋಣ ಹೋಗೋಣ ಅಂತಿದ್ಯಲ್ಲ, ತಗೋ, ನಿನ್ನಾಸೆ ಈಡೇರ್ತಾ ಇದೆ. ಖುಷಿ ತಾನೇ?"

"ಖುಷಿ" ಎಂದಳು. ಹಲ್ಲು ಕಚ್ಚಿಕೊಂಡು ಹೇಳಿದ್ದು ಅವನಿಗೆ ಗೊತ್ತಾಗಲಿಲ್ಲ.

ಮಾರನೆಯ ದಿನ ಲ್ಯಾಬಿನಲ್ಲಿ ಅವಳು ಒಂದು ದವಡೆಹಲ್ಲನ್ನು ಹದ ಮೀರಿ ಉಜ್ಜಿಬಿಟ್ಟಳು. ಮಿಷನ್ನಿನ ಚಕ್ರ ಕಿರುಗುಟ್ಟುತ್ತಲೇ ಇತ್ತು, ಅವಳ ತಲೆಯೊಳಗೆ ಬಿಸಿನೀರಿನ ಬಕೆಟ್ಟು ತಿರುಗುತ್ತಲೇ ಇತ್ತು, ನೋಡುವಷ್ಟರಲ್ಲಿ ಹಲ್ಲು ಚಪ್ಪಟೆ. ಅಷ್ಟು ವರ್ಷದಲ್ಲಿ ಅಂಥ ತಪ್ಪು ಅವಳ ಕೈಯಲ್ಲಿ ಆಗಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಬರೀ ಮನೆ ಬದಲಾಯಿಸುವುದಾಗಿದ್ದರೆ ಅವಳು ನಿಜವಾಗಿಯೂ ಖುಷಿಪಡಬಹುದಿತ್ತು. ಅವನ ಒಂದು ದಿನ ತೂಗಿದಷ್ಟು ಅವಳ ಹನ್ನೊಂದು ವರ್ಷ ತೂಗಲಿಲ್ಲವಲ್ಲ ಎಂಬುದು ಅವಳ ಹೊಟ್ಟೆಯ ಉರಿ. ಆದರೂ ಅವಳು ಲೆಕ್ಕಾಚಾರದ ಹೆಂಗಸು. ಉರಿ ಉರಿಯಲಿ, ಫರ್ನೇಸು ಕೈತಪ್ಪಬಾರದು ಎಂದು ತನಗೆ ತಾನೇ ಹೇಳಿಕೊಂಡಳು.

ಲ್ಯಾಬಿನ ಎದುರುಗಡೆ ಒಬ್ಬ ಟೈಲರಿನ ಅಂಗಡಿ. ಮೇಲಿನ ಮನೆ ಖಾಲಿ ಇತ್ತು. ಊಟದ ಬಿಡುವಿನಲ್ಲಿ ಹೋಗಿ ನೋಡಿ ಬಂದಳು. ಎರಡು ಕೋಣೆ, ಒಂದು ಹಜಾರ, ಅಡುಗೆಮನೆಯ ಕಿಟಕಿ ರಸ್ತೆಗೆ ತೆರೆದಿತ್ತು. ಮೆಟ್ಟಿಲಿಗೆ ಹಿಡಿಗಂಬಿ ಇತ್ತು, ಅತ್ತೆಗೆ ಅನುಕೂಲ. ಮನೆ ಮುಂದಿನಿಂದಲೇ ಕೆರೆ ಸ್ಟೇಷನ್ನಿಗೆ ನೇರ ಬಸ್ಸು, ಅದೂ ಜನರಿಲ್ಲದೆ ಬಿಕೋ ಎನ್ನುವ ಬಸ್ಸು; ಅವನು ಕಾಲು ಚಾಚಿಕೊಂಡು ಹೋಗಿ ಕಾಲು ಚಾಚಿಕೊಂಡು ಬರಬಹುದು. ಅವಳು ರಸ್ತೆ ದಾಟಿದರೆ ಸಾಕು, ಫರ್ನೇಸು. ಸಂಜೆ ಇದನ್ನೆಲ್ಲ ಗಂಡನಿಗೆ ಒಂದೂ ಬಿಡದೆ ಹೇಳಿದಳು. ಒಡತಿಯ ಮಾತನ್ನೂ ಹೇಳಿದಳು, ಈ ತಿಂಗಳು ದಾಟಿದರೆ ಆಗುವುದಿಲ್ಲ ಎಂದೂ ಹೇಳಿದಳು.

"ನೋಡೋಣ" ಎಂದ. ಅವನ "ನೋಡೋಣ" ಎಂಬ ಮಾತು ಬಾವಿಗೆ ಹಾಕಿದ ಕಲ್ಲು. ಬಿದ್ದ ಸದ್ದು ಕೇಳಿಸುತ್ತದೆ, ಆಮೇಲೆ ಕಲ್ಲಿನ ಸುದ್ದಿಯಿಲ್ಲ. "ಭಾನುವಾರ ಹೋಗೋಣ. ಕೆರೆ ಪಕ್ಕಾನೂ ಒಂದು ಮನೆ ಇದೆಯಂತೆ, ನಮ್ ಸ್ಟೇಷನ್ನೋರು ಹೇಳಿದ್ರು. ಎಲ್ಲಾ ಒಂದೇ ಸಲ ನೋಡ್ಕೊಂಡು ಬಂದುಬಿಡೋಣ."

ಭಾನುವಾರ ಹಳೆಯ ಸ್ಕೂಟರಿನಲ್ಲಿ ಹೊರಟರು. ದಿನಾ ಅಷ್ಟು ದೂರ ಓಡಿಸಿದರೆ ಸತ್ತೇಹೋಗುವ ಸ್ಕೂಟರು ರಜೆಯ ದಿನದ ಖಾಲಿ ರಸ್ತೆಯಲ್ಲಿ ಹಕ್ಕಿಯ ಹಾಗೆ ಹೋಯಿತು. ಸರ್ಕಲ್ಲಿನಲ್ಲಿ ಒಂದು ನರಪಿಳ್ಳೆ ಇರಲಿಲ್ಲ. "ನೋಡು, ಎಷ್ಟು ಬೇಗ ಬಂದ್ವಿ! ರಸ್ತೆ ಅಷ್ಟೇನೂ ಕೆಟ್ಟದಾಗಿಲ್ಲ ಕಣೇ" ಎಂದು ಅವನು ಗಾಳಿಗೆ ಎದುರಾಗಿ ಕೂಗಿದ. ನರಕ ಎಂದವನೂ ಇವನೇ, ಕೆಟ್ಟದಾಗಿಲ್ಲ ಎನ್ನುವವನೂ ಇವನೇ.

ಲ್ಯಾಬಿನ ಬೀದಿ ಬಂತು. ನೀಲಿ ಶಟರು ಎಳೆದಿತ್ತು. ಮೇಲೆ ಬೋರ್ಡಿನಲ್ಲಿ ಎರಡು ಬೇರಿನ ದೊಡ್ಡ ಹಲ್ಲಿನ ಚಿತ್ರ. ಪ್ಯಾಂಟು ಹಾಕಿಕೊಂಡು ನಿಂತ ದಪ್ಪ ಮನುಷ್ಯನ ಹಾಗೆ ಕಾಣುವ ಆ ಚಿತ್ರವನ್ನು ನೋಡಿ ಲ್ಯಾಬಿನವರೆಲ್ಲ ನಗುವುದುಂಟು. ಎದುರುಗಡೆ ಟೈಲರಿನ ಅಂಗಡಿ, ಮೇಲೆ ಖಾಲಿ ಮನೆಯ ತೆರೆದ ಕಿಟಕಿ. ಈಗ ಸ್ಕೂಟರು ನಿಧಾನವಾಗುತ್ತದೆ ಎಂದುಕೊಂಡಳು. ಕೈ ಚಾಚಿದರೆ ಶಟರು ಮುಟ್ಟುವಷ್ಟು ಹತ್ತಿರದಲ್ಲಿ ಸ್ಕೂಟರು ಹೋಯಿತು. ಅಡ್ಡ ಬಂದ ನಾಯಿಗೆ ಅವನು ಹಾರನ್ ಹೊಡೆದ. ನಾಯಿಗಾಗಿ ನಿಧಾನ ಮಾಡಿದ. ಮತ್ತೆ ಜೋರಾಗಿ ಹೊರಟ. ಮುಂದಿನ ತಿರುವಿನಲ್ಲಿ ಅರ್ಧ ತಲೆ ತಿರುಗಿಸಿ ಕೇಳಿದ:

"ಅಂದಹಾಗೆ ನಿನ್ ಲ್ಯಾಬು ಈ ಕಡೇನೇ ಎಲ್ಲೋ ಬರುತ್ತೆ, ಅಲ್ವೇನೇ?"

ಮದುವೆಯಾದಂದಿನಿಂದ ಅವಳ ಹಗಲೆಲ್ಲ ಕಳೆದ ಜಾಗ. ಅವಳ ಮುರಿದ ಉಗುರು, ಸುಟ್ಟ ಬೆರಳು, ಬಸುರಿಯಾಗಿದ್ದಾಗ ವಾಂತಿ ಮಾಡಿದ ಮೋರಿ, ಎಲ್ಲವೂ ಅಲ್ಲಿದ್ದವು. ಅವನಿಗೆ ಅದು ಈ ಕಡೆ ಎಲ್ಲೋ.

"ಹೂಂ. ಎಲ್ಲೋ ಈ ಕಡೇನೇ" ಎಂದಳು.

ಕೆರೆ ಪಕ್ಕದ ಮನೆ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಬೇಕು. ಗಂಡ ಎಲ್ಲಿಗೆ ಹೋದರೂ ಮೊದಲು ನಲ್ಲಿ ತಿರುಗಿಸುವವನು. ಇಲ್ಲಿಯೂ ತಿರುಗಿಸಿದ, ನೀರು ಭೋರೆಂದು ಬಿತ್ತು, ಅವನ ಮುಖ ಅರಳಿತು. ಅಮ್ಮನ ಕೋಣೆಗೆ ಗಾಳಿ, ಮಗಳ ಸ್ಕೂಲಿಗೆ ಒಂದೇ ತಿರುವು, ಸ್ಟೇಷನ್ನಿನ ಗೇಟು ಅಂಗಳದಿಂದಲೇ ಕಾಣುತ್ತಿತ್ತು. ಅವಳು ಆ ಮನೆಯವರನ್ನು ಕೇಳಿದ್ದು ಒಂದೇ ಪ್ರಶ್ನೆ: ಬೆಳಿಗ್ಗೆ ಊರಿನ ಕಡೆಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ? ಮನೆಯಾಕೆ ಬಿಸಿಲು ಬಂದ ಜಾಗವನ್ನು ಬೆರಳಿನಿಂದ ತೋರಿಸಿ, "ಬಿಸಿಲು ಆ ಗೋಡೆಗೆ ಬಂದಮೇಲೇನೇಮ್ಮಾ. ಅದಕ್ಕೆ ಮುಂಚೆ ಒಂದೂ ಬರಲ್ಲ" ಎಂದಳು. ಅಲ್ಲಿಗೆ ಫರ್ನೇಸಿನ ಕಥೆ ಮುಗಿಯಿತು. ಗಂಡ ಆ ಉತ್ತರವನ್ನು ಕಿವಿಯ ಮೇಲೂ ಹಾಕಿಕೊಳ್ಳಲಿಲ್ಲ. ಅವನು ಛಾವಣಿಯ ಮೇಲೆ ಟ್ಯಾಂಕು ನೋಡುತ್ತಿದ್ದ. ಇಳಿದು ಬಂದವನೇ ಮನೆಯವರಿಗೆ, "ನಾವು ಬರ್ತೀವಿ, ಬೇರೆ ಯಾರಿಗೂ ಹೇಳ್ಬೇಡಿ" ಎಂದುಬಿಟ್ಟ.

ಹೊರಗೆ ಬಂದಮೇಲೆ ಅವಳು ಕೇಳಿದಳು, "ಟೈಲರ್ ಮೇಲಿನ ಮನೆ?"

"ಇನ್ನೇನು ನೋಡೋದು? ಇದಕ್ಕಿಂತ ಬೇಕಾ? ನಿಂಗೂ ಹತ್ತಿರ ಆಯ್ತಲ್ಲ. ಮುಂಚೆ ಊರ ಆ ತುದಿಯಿಂದ ಬರ್ತಿದ್ದೆ, ಈಗ ಅದರ ಅರ್ಧ ಇಲ್ಲ."

"ಬೆಳಿಗ್ಗೆ ಬಸ್ಸಿಲ್ಲ. ನಾನು ಆ ಕೆಲಸ ತಗೊಳ್ಳೋಕಾಗಲ್ಲ."

"ಅಯ್ಯೋ, ಇರೋ ಕೆಲಸಾನೇ ಮಾಡ್ಕೊಂಡು ಹೋಗು. ಮೇಲಿನ ಕೆಲಸ ಅಂದ್ರೆ ತಲೆನೋವು. ನಾನು ನಿನ್ ಒಳ್ಳೇದಕ್ಕೇ ಹೇಳೋದು."

ಅವಳು ರಸ್ತೆಯ ಮಧ್ಯೆಯೇ ಅರಚಬಹುದಿತ್ತು. ಅರಚಿದ್ದರೆ ಚಿನ್ನದಂಥ ಗಂಡನ ಮೇಲೆ ಅರಚುವ ರಾಕ್ಷಸಿಯಾಗುತ್ತಿದ್ದಳು. ಅವಳು ದನಿ ತಗ್ಗಿಸಿಯೇ ಹೇಳಿದಳು.

"ಆಗ್ಲಿ. ನಾನೂ ಇದೇ ಮನೆಗೆ ಒಪ್ಕೊತೀನಿ. ಒಂದೇ ಒಂದು ಮಾತು. ನಾಳೆ ಸಂಜೆ ನಿಮ್ ಕೆಲಸ ಮುಗಿಸ್ಕೊಂಡು ನನ್ ಕೆಲಸದ ಹತ್ರ ಬಂದು ನನ್ನ ಕರ್ಕೊಂಡು ಹೋಗಿ. ಅಷ್ಟೇ."

"ಅಷ್ಟೇನಾ?" ಅವನು ನಕ್ಕ. "ಹೊಸ ಮದುಮಗಳ ಹಂಗೆ ಆಡ್ತೀಯಲ್ಲೇ. ಬರ್ತೀನಿ ಬಿಡು."

ಮೋಸ ಮಾಡಲೆಂದು ಅವಳು ಹಾಗೆ ಕೇಳಿರಲಿಲ್ಲ. ಅವನು ದಾರಿ ತಪ್ಪಿ, ನಾಲ್ಕು ಜನರನ್ನು ಕೇಳಿ, ಬೆವರು ಸುರಿಸಿಕೊಂಡು ತಡವಾಗಿ ಬಂದರೂ ಸಾಕಿತ್ತು. ಬಂದು, ಅವಳ ಮೇಜು ಯಾವುದೆಂದು ಒಮ್ಮೆ ನೋಡಿದ್ದರೆ, ಕೆರೆ ಪಕ್ಕದ ಮನೆಗೂ ಅವಳು ಹೋಗಿಬಿಡುತ್ತಿದ್ದಳು. ತನ್ನ ಮನಸ್ಸು ಎಷ್ಟು ಬೇಗ ಕರಗುತ್ತದೆಂದು ಅವಳಿಗೆ ಗೊತ್ತಿತ್ತು, ಅದರ ಮೇಲೂ ಅವಳಿಗೆ ಸಿಟ್ಟಿತ್ತು.

ಸೋಮವಾರ ಸಂಜೆ ಎಲ್ಲರೂ ಹೊರಟರು. ಅವಳು ಮೇಜು ಒರೆಸಿದಳು, ಉಳಿ ಕತ್ತಿಗಳನ್ನು ತೊಳೆದು ಸಾಲಾಗಿ ಇಟ್ಟಳು, ಕೂದಲಲ್ಲಿ ಕೂತಿದ್ದ ಪ್ಲಾಸ್ಟರ್ ಧೂಳು ಕೊಡವಿಕೊಂಡು ಕೂತಳು. ಒಡತಿ ಕನ್ನಡಕ ಮೇಲಕ್ಕೆತ್ತಿ ಕೇಳಿದಳು, "ಬಸ್ಸು ತಪ್ಪಲ್ವಾ?"

"ಇವತ್ತು ನಮ್ಮನೆಯವರು ಕರ್ಕೊಂಡು ಹೋಗೋಕೆ ಬರ್ತಾರೆ ಮೇಡಂ."

"ಹೌದಾ!" ಎಂದ ಒಡತಿ ಚೀಲ ಕೆಳಗಿಟ್ಟಳು. "ಹಾಗಾದ್ರೆ ನಾನೂ ಇರ್ತೀನಿ. ಇಷ್ಟು ವರ್ಷದಲ್ಲಿ ಒಂದ್ಸಲಾನೂ ನೋಡಿಲ್ಲ ಆ ಮಹಾರಾಯನ್ನ."

ಫೋನು ಬಂತು. ಅವನ ದನಿಯ ಹಿಂದೆ ವಾಹನಗಳ ಗದ್ದಲ.

"ಎಲ್ಲಿದೀಯೇ? ನಾನು ಬಂದು ಆಗ್ಲೇ ಎಷ್ಟು ಹೊತ್ತಾಯ್ತು! ಗೇಟಿನ ಹತ್ರಾನೇ ನಿಂತಿದೀನಿ, ಹೊರಗೆ ಬಾ."

ಅವಳು ಎದ್ದು ಹೊರಗೆ ಬಂದು ನೋಡಿದಳು. ಬೀದಿಯಲ್ಲಿ ಅವನಿರಲಿಲ್ಲ. ಲ್ಯಾಬಿಗೆ ಗೇಟೂ ಇರಲಿಲ್ಲ.

"ಯಾವ ಗೇಟು?"

"ಹಲ್ಲಿನ ಆಸ್ಪತ್ರೆ ಗೇಟು ಕಣೇ. ದೊಡ್ಡ ಆಸ್ಪತ್ರೆ. ಹಲ್ಲಿನ ಲ್ಯಾಬು ಅಂದ್ರೆ ಇಲ್ಲೇ ಅಂತ ನಮ್ ಸ್ಟೇಷನ್ನೋರು ಹೇಳಿದ್ರು. ಈ ವಾಚ್‌ಮನ್ನು ಒಳಗೇ ಬಿಡ್ತಿಲ್ಲ. ನಿನ್ನ ಹೆಸರು ಹೇಳಿದ್ರೆ, ಅಂಥೋರು ಯಾರೂ ಇಲ್ಲಿ ಕೆಲಸ ಮಾಡಲ್ಲ ಅಂತ ನನಗೇ ದಬಾಯಿಸ್ತಿದಾನೆ! ಬಂದು ಹೇಳು ಅವನಿಗೆ."

ಅವಳು ಲ್ಯಾಬಿನ ಮೆಟ್ಟಿಲ ಮೇಲೆ ನಿಂತಿದ್ದಳು. ಆ ಆಸ್ಪತ್ರೆ ಇದ್ದದ್ದು ಊರಿನ ಇನ್ನೊಂದು ಮೂಲೆಯಲ್ಲಿ, ಅವಳು ಅದರ ಒಳಗೆ ಒಂದು ದಿನವೂ ಕಾಲಿಟ್ಟವಳಲ್ಲ. ಲ್ಯಾಬಿನ ಹೆಸರು, ಬೀದಿಯ ಹೆಸರು, ತನ್ನ ಕೆಲಸ ಏನು, ಅದನ್ನು ಹೇಗೆ ಮಾಡುತ್ತಾರೆ ಎಂಬುದನ್ನೆಲ್ಲ ಅವಳು ಊಟ ಬಡಿಸುತ್ತ ಎಷ್ಟು ಸಲ ಹೇಳಿದ್ದಳು. ಅವನು ಎಷ್ಟು ಸಲ ಹೂಂ ಎಂದಿದ್ದ. ಆ ಹೂಂಗಳಲ್ಲಿ ಒಂದೂ ನಿಜವಾಗಿರಲಿಲ್ಲ.

"ವಾಚ್‌ಮನ್ನು ಸರಿಯಾಗೇ ಹೇಳಿದಾನೆ" ಎಂದು ಹೇಳಿ ಫೋನು ಇಟ್ಟಳು.

ಒಳಗೆ ಬಂದು ಒಡತಿಯ ಮುಂದೆ ನಿಂತಳು. "ಮೇಡಂ, ಮುಂದಿನ ತಿಂಗಳಿಂದ ಫರ್ನೇಸು ನಾನು ಹಚ್ತೀನಿ. ಹೊರಗಿನವರನ್ನ ಕರೀಬೇಡಿ."

"ಮನೇಲಿ ಕೇಳಿದ್ಯಾ?"

"ಕೇಳಿ ಕೇಳಿ ಸಾಕಾಯ್ತು."

ರಸ್ತೆ ದಾಟಿದಳು. ಟೈಲರು ಮಿಷನ್ನಿಗೆ ಬಟ್ಟೆ ಹೊದಿಸುತ್ತಿದ್ದ. ಮೇಲಿನ ಮನೆ ತನಗೆ ಬೇಕು, ಬಾಡಿಗೆ ಪತ್ರ ತನ್ನ ಹೆಸರಿನಲ್ಲೇ ಆಗಬೇಕು, ಈಗಲೇ ಕೀಲಿ ಕೊಡಿ ಎಂದಳು. ಟೈಲರು ರೂಢಿಯಂತೆ, "ಯಜಮಾನ್ರು ಒಂದ್ಸಲ ನೋಡಲ್ವೇನಮ್ಮಾ?" ಎಂದ. "ಅವರಿಗೆ ವಿಳಾಸ ಗೊತ್ತಿಲ್ಲ" ಎಂದಳು. ಟೈಲರು ಅವಳ ಮುಖ ನೋಡಿ, ಮೊಳೆಯಿಂದ ಕೀಲಿ ತೆಗೆದುಕೊಟ್ಟ.

ಮೆಟ್ಟಿಲು ಹತ್ತುವಾಗ ಮತ್ತೆ ಫೋನು. ಈ ಸಲ ಅವನ ದನಿಯಲ್ಲಿ ನಗುವಿರಲಿಲ್ಲ.

"ಏನಾಟ ಇದು? ಕತ್ತಲಾಗ್ತಾ ಇದೆ. ಎಲ್ಲಿದೀಯ ಅಂತ ನೆಟ್ಟಗೆ ಹೇಳು."

ಅವಳು ನೆಟ್ಟಗೇ ಹೇಳಿದಳು. ಎಲ್ಲಿ ನಿಲ್ಲಬೇಕು, ಯಾವ ಬಸ್ಸು ಹತ್ತಬೇಕು, ಸರ್ಕಲ್ಲಿನಲ್ಲಿ ಇಳಿದು ಯಾವ ಕಡೆಗೆ ದಾಟಬೇಕು, ಅಲ್ಲಿ ಮೊದಲು ಬರುವ ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಕಾದರೆ ಕಾಲಿಡಲಾದರೂ ಜಾಗ ಸಿಕ್ಕೀತು ಎಂಬುದನ್ನು ಬಿಡಿಸಿ ಬಿಡಿಸಿ ಹೇಳಿದಳು. ಬಹುಶಃ ಅವಳು ಹೇಳಿದ್ದನ್ನು ಅವನು ಪೂರ್ತಿ ಕೇಳಿಸಿಕೊಂಡದ್ದು ಅದೇ ಮೊದಲು.

"ಅಲ್ಲಿಗೆ ಯಾಕೆ ಬರ್ಬೇಕು ನಾನು? ಮನೆಗೆ ಹೋಗೋಣ, ಅಮ್ಮ ಕಾಯ್ತಿರ್ತಾಳೆ."

"ನಾನು ಮನೇಲೇ ಇದೀನಿ" ಎಂದಳು, ಬೀಗಕ್ಕೆ ಕೀಲಿ ಹಾಕುತ್ತ.

"ಮನೇಲಾ? ಯಾರ ಮನೇಲಿ?"

ಬಾಗಿಲು ತೆರೆಯಿತು. ಖಾಲಿ ಹಜಾರದಲ್ಲಿ ಅವಳ ದನಿ ಜೋರಾಗಿಯೇ ಕೇಳಿಸಿತು.

"ನನ್ನ ಮನೇಲಿ. ಜಾಗ ಇದೆ, ನೀವೂ ಬಂದು ಇರಬಹುದು."